ಕಾಲುವೆ ಕಲಿಸುವ ಲೆಕ್ಕ

‘ಬಜೆಟ್’ ಎಂಬ ಮಾತು ಹುಟ್ಟಿದ್ದು ಹಳೆಯ ಫ್ರೆಂಚ್ ಭಾಷೆಯಲ್ಲಿ ಚರ್ಮದ ಚಿಕ್ಕ ಚೀಲಕ್ಕಿದ್ದ ಹೆಸರಿನಿಂದ. ಚೀಲದಲ್ಲಿ ಇರುವುದೆಷ್ಟು, ಅದರಲ್ಲಿ ಯಾವುದಕ್ಕೆ ಎಷ್ಟು ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದೇ ಆಯವ್ಯಯ. ವ್ಯವಹಾರ ನಿರ್ವಹಣೆ ಕಲಿಯುವವರಿಗೆ ಇದರ ಹಿಂದೊಂದು, ಮುಂದೊಂದು ಪಾಠವಿದೆ: ಹಿಂದಿನದು ಯೋಜನೆ, ಮುಂದಿನದು ನಿಯಂತ್ರಣ. ಈ ಮೂರನೆಯದು ಸಡಿಲವಾದರೆ ಮೊದಲಿನೆರಡರ ಗತಿಯೇನು ಎಂಬುದಕ್ಕೆ ಕಾರಟಗಿ ತಾಲ್ಲೂಕಿನ ಸಿದ್ದಾಪುರದ ಸುತ್ತಲಿನ ಭತ್ತದ ಸೀಮೆಗಿಂತ ಒಳ್ಳೆಯ ಪಠ್ಯವಿಲ್ಲ.

ಮೊದಲು ಯೋಜನೆ. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಮುನಿರಾಬಾದಿನಿಂದ ಹೊರಡುವ 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯ ಉದ್ದೇಶ ಬರಗಾಲದಿಂದ ರಕ್ಷಣೆ. ಸ್ವಲ್ಪ ನೀರನ್ನು ಬಹಳ ಹೊಲಗಳಿಗೆ ಹಂಚಬೇಕೆಂದು, ಹೆಚ್ಚಿನ ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನೂ ಅಲ್ಪ ಭಾಗಕ್ಕೆ ಮಾತ್ರ ಭತ್ತವನ್ನೂ ನಿಗದಿ ಮಾಡಲಾಗಿತ್ತು.

ಇನ್ನು ಆಯವ್ಯಯ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ ನೀರು. ಇದನ್ನು ಒಂದಡಿ ಆಳಕ್ಕೆ ನಿಲ್ಲಿಸಿದರೆ ಸುಮಾರು 23,000 ಎಕರೆ ತುಂಬುತ್ತದೆ. ಭತ್ತಕ್ಕೆ ಒಟ್ಟು ನಾಲ್ಕಡಿ ನೀರು ಬೇಕೆಂದು ಹಿಡಿದರೆ ಬೆಳೆಯುವುದು 6,000 ಎಕರೆಗೂ ಕಡಿಮೆ. ಒಂದೂವರೆ ಅಡಿ ಸಾಕಾಗುವ ಜೋಳವಾದರೆ 15,000 ಎಕರೆ. ಮಳೆಯ ಪಾಲು, ದಾರಿಯ ಸೋರಿಕೆ ಬೇರೆ.

ಆದರೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ಭತ್ತದ ಕೃಷಿಯನ್ನು ಬೆಳೆಸಿದರು. ಸ್ಥಳೀಯರೂ ಅದೇ ಹಾದಿ ಹಿಡಿದರು. ಅಕ್ಕಿ ಗಿರಣಿಗಳು ಎದ್ದವು. ಗಂಗಾವತಿ ಸೀಮೆ ‘ಭತ್ತದ ಕಣಜ’ವಾಯಿತು. ಒಬ್ಬೊಬ್ಬ ರೈತನ ಲೆಕ್ಕದಲ್ಲಿ ಇದು ಸರಿಯೇ, ಏಕೆಂದರೆ ಕೈತುಂಬ ಹಣ ತಂದದ್ದು ಭತ್ತ. ಕಾಲುವೆಯ ಒಟ್ಟು ಲೆಕ್ಕದಲ್ಲಿ ಮಾತ್ರ ಮೇಲ್ಭಾಗದ ಪ್ರತಿ ಗದ್ದೆಯೂ ಕೆಳಗಿನ ಎರಡು ಹೊಲಗಳ ಪಾಲನ್ನು ಕುಡಿಯಿತು. ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ನೀರಿಗಾಗಿ ಮತ್ತೆ ಮತ್ತೆ ಬೀದಿಗಿಳಿಯಬೇಕಾಯಿತು. ನಿಗದಿಯ ಪಟ್ಟಿ ಕಡತದಲ್ಲೇ ಉಳಿಯಿತು.

ನಿಯಂತ್ರಣವೆಂದರೆ ಕೇವಲ ದಂಡ, ಕಾವಲು ಅಲ್ಲ. ಅಂದುಕೊಂಡದ್ದೆಷ್ಟು, ಆದದ್ದೆಷ್ಟು ಎಂದು ಆಗಾಗ ಅಳೆದು, ವ್ಯತ್ಯಾಸ ಚಿಕ್ಕದಿರುವಾಗಲೇ ತಿದ್ದಿಕೊಳ್ಳುವುದು. ಉಪಕಾಲುವೆಯ ಬಾಯಲ್ಲಿರುವ ಗೇಜಿನ ಕೆಲಸ ಅದೇ. ಅಳತೆ ಬೇಕಾದದ್ದು ಚೀಲಕ್ಕೂ ಹೌದು: ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ತುಂಬಿದ ಚೀಲವೂ ಖಾಲಿಯಾಗಬಲ್ಲದೆಂದು ಇಡೀ ಸೀಮೆ ಕಂಡಿತು. ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸುವವರೆಗೆ ರೈತರಿಗೆ ನಿದ್ದೆಯಿರಲಿಲ್ಲ.

ಜಲಾಶಯದ ನೀರು ನೋಡಿ ಯಾವ ಕಾಲುವೆಗೆ ಎಷ್ಟು, ಯಾವ ತಾರೀಖಿನವರೆಗೆ ಎಂದು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. ಎರಡನೇ ಬೆಳೆಗೆ ಸಸಿ ಮಡಿ ಹಾಕಬೇಕೆ, ಗೊಬ್ಬರಕ್ಕೆ ಸಾಲ ಮಾಡಬೇಕೆ ಎಂಬ ಮನೆಮನೆಯ ಆಯವ್ಯಯ ಆ ತಾರೀಖನ್ನು ನೆಚ್ಚಿಕೊಂಡಿರುತ್ತದೆ. ಮೇಲಿನ ತೂಬಿನಲ್ಲಿ ಲೆಕ್ಕ ತಪ್ಪಿದರೆ, ಕೊನೆಭಾಗದ ರೈತ ತನ್ನ ಲೆಕ್ಕವನ್ನು ಬರೆಯುವುದಾದರೂ ಯಾವುದರ ಮೇಲೆ?