ಬಿಟ್‌ಕಾಯಿನ್ ಹೆಸರಿನ ಬಲೆ

ಶಹಾಪುರದ ಹತ್ತಿ ಬೆಳೆಗಾರನು ಮುಂದಿನ ತಿಂಗಳ ಧಾರಣೆಯನ್ನು ಇಂದೇ ಹೇಳಬಲ್ಲನೇ? ಗಣಕಯಂತ್ರಗಳಲ್ಲಷ್ಟೇ ಇರುವ ಬಿಟ್‌ಕಾಯಿನ್ನಿನ ಬೆಲೆಯಾದರೋ ಇನ್ನೂ ಚಂಚಲ. ಆದರೂ 2015ರಲ್ಲಿ ತಲೆಯೆತ್ತಿದ ‘ಗೇನ್‌ಬಿಟ್‌ಕಾಯಿನ್’ ಯೋಜನೆಯು 18 ತಿಂಗಳ ಕಾಲ, ತಿಂಗಳಿಗೆ ನೂರಕ್ಕೆ 10ರಂತೆ ಆದಾಯವನ್ನು ಸಾರಿತು. ಹೊಸಬರು ಕಡಮೆಯಾದಾಗ ಬಿಟ್‌ಕಾಯಿನ್ನಿಗೆ ಬದಲಾಗಿ ತನ್ನದೇ ಅಲ್ಪಬೆಲೆಯ ನಾಣ್ಯವನ್ನು ಕೊಟ್ಟಿತೆಂಬುದು ಸಿ.ಬಿ.ಐ.ಯ ಆರೋಪ, 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೂ ಶೋಧ ನಡೆಯಿತು.

ಇಂಥ ಯೋಜನೆಗಳು ಕುಸಿಯುವ ಕಾರಣವು ಸರಳ ಗಣಿತದಲ್ಲಿದೆ. ಹೊಸಬರ ಹಣವೇ ಹಳಬರ ಲಾಭವಾದರೆ, ಒಬ್ಬೊಬ್ಬನೂ ಇಬ್ಬಿಬ್ಬರನ್ನು ತರಬೇಕೆನ್ನೋಣ. 21ನೆಯ ಸುತ್ತಿಗೆ 20,97,152 ಮಂದಿ ಬೇಕು. 2011ರ ಜನಗಣತಿಯಂತೆ ಇಡೀ ಯಾದಗಿರಿ ಜಿಲ್ಲೆಯಲ್ಲಿದ್ದವರೇ ಸುಮಾರು 11.74 ಲಕ್ಷ!

ಖಚಿತ ಲಾಭದ ಮಾತು, ಸ್ನೇಹಿತರನ್ನು ಸೇರಿಸಿದರೆ ಬಹುಮಾನ, ನಮ್ಮ ಹಣವನ್ನೇ ಹಿಂಪಡೆಯಲು ಮೊದಲು ಶುಲ್ಕ: ಇವುಗಳಲ್ಲಿ ಒಂದು ಕಂಡರೂ ದೂರವಿರೋಣ. ಮೋಸಹೋದವರು ತಡಮಾಡದೆ 1930ಕ್ಕೆ ದೂರವಾಣಿ ಮಾಡಬೇಕು.