ಎಲೆಯೊಳಗೊಂದು ರಂಗೋಲಿ

ಮೈಸೂರಿನಲ್ಲಿ ಹಿತ್ತಿಲಿಲ್ಲದ ಮನೆಗಳಲ್ಲಿಯೂ ನಾಲ್ಕಾರು ಕುಂಡಗಳಿರುವುದುಂಟು. ಸರಸ್ವತೀಪುರದ ಹಿತ್ತಿಲಾಗಲಿ, ಕುವೆಂಪುನಗರದ ಮಾಳಿಗೆಯಾಗಲಿ, ಟೊಮೇಟೊ, ಹುರುಳಿಕಾಯಿ, ಸೋರೆ, ಸೇವಂತಿಗೆಗಳಲ್ಲಿ ಒಂದಾದರೂ ಅಲ್ಲಿ ಚಿಗುರಿರುತ್ತದೆ. ಹೀಗೆ ಅಕ್ಕರೆಯಿಂದ ಸಾಕಿದ ಗಿಡದ ಎಲೆಯ ಮೇಲೆ ಒಂದು ದಿನ ಬಿಳಿಯ ಗೆರೆಯೊಂದು ಮೂಡುತ್ತದೆ. ನಾಲ್ಕಾರು ದಿನಗಳಲ್ಲಿ ಅದು ಹಾವಿನಂತೆ ಬಳುಕಿ, ಸುತ್ತಿ, ಎಲೆಯನ್ನೆಲ್ಲ ಆವರಿಸುತ್ತದೆ. ಗಿಡಕ್ಕೆ ರೋಗ ತಗುಲಿತೆಂದು ಗಾಬರಿಯಾಗಿ, ಮನೆಯವರು ಕೀಟನಾಶಕದ ಶೀಸೆಯನ್ನು ಅರಸಿ ಹೊರಡುತ್ತಾರೆ. ಅವರು ಅಂಗಡಿಯ ಮೆಟ್ಟಿಲನ್ನು ಹತ್ತುವ ಮುನ್ನ ಆ ಗೆರೆಯ ಕಥೆಯನ್ನು ಅರಿಯುವುದು ಒಳಿತು.

ಗೆರೆ ಎಳೆಯುವವರಾರು?

ರೈತರು ಇದನ್ನು ‘ರಂಗೋಲಿ ಹುಳು’ ಎಂದು ಕರೆಯುತ್ತಾರೆ. ಹೆಸರು ಅನ್ವರ್ಥವಾದುದೇ. ಈ ರಂಗೋಲಿಯನ್ನು ಬರೆಯುವುದು ಒಂದು ನೊಣದ ಮರಿ. ತಾಯಿನೊಣದ ಉದ್ದ ಸುಮಾರು 2 ಮಿಲಿಮೀಟರ್. ಮೈ ಕಪ್ಪು ಮತ್ತು ಹಳದಿ. ಅದು ಎಲೆಯನ್ನು ಅಲ್ಲಲ್ಲಿ ಚುಚ್ಚಿ ಒಸರುವ ರಸವನ್ನು ಹೀರುತ್ತದೆ. ಗಂಡುನೊಣಕ್ಕೆ ಚುಚ್ಚುವ ಸಾಧನವಿಲ್ಲ. ಹೆಣ್ಣು ಮಾಡಿದ ಗಾಯದಿಂದಲೇ ಅದರ ಹೊಟ್ಟೆ ತುಂಬಬೇಕು. ಇಂಥ ಕೆಲವು ಗಾಯಗಳಲ್ಲಿ ಹೆಣ್ಣು ಒಂದೊಂದು ಮೊಟ್ಟೆಯನ್ನು ಇಡುತ್ತದೆ.

ಎರಡು ನಾಲ್ಕು ದಿನಗಳಲ್ಲಿ ಮರಿ ಹೊರಬರುತ್ತದೆ. ಎಲೆಯ ಮೇಲ್ಪೊರೆ ಕೆಳಪೊರೆಗಳ ನಡುವಣ ಹಸುರನ್ನು ತಿನ್ನುತ್ತ ಅದು ಸುರಂಗ ಕೊರೆಯುತ್ತದೆ. ಮರಿ ಬೆಳೆದಂತೆ ಸುರಂಗವೂ ಅಗಲವಾಗುತ್ತದೆ; ಎಂದೇ ಗೆರೆಯ ಒಂದು ತುದಿ ಸೂಕ್ಷ್ಮ, ಇನ್ನೊಂದು ತುದಿ ದಪ್ಪ. ನಡುವೆ ಕಾಣುವ ಕಪ್ಪು ಎಳೆ ಹುಳುವಿನ ಹಿಕ್ಕೆ. ಸುಮಾರು ಒಂದು ವಾರದ ಬಳಿಕ ಮರಿ ಎಲೆಯನ್ನು ಸೀಳಿ ಮಣ್ಣಿಗೆ ಉದುರಿ ಕೋಶಾವಸ್ಥೆಯನ್ನು ತಾಳುತ್ತದೆ. ಮತ್ತೊಂದೆರಡು ವಾರಗಳಲ್ಲಿ ಹೊಸ ನೊಣ ಹಾರುತ್ತದೆ.

ದೂರದೇಶದ ಅತಿಥಿ

ಎಲೆ ಕೊರೆಯುವ ನೊಣಗಳ ಈ ಕುಟುಂಬದಲ್ಲಿ 2,500ಕ್ಕೂ ಹೆಚ್ಚು ಜಾತಿಗಳಿವೆ. ಬಹುಪಾಲು ಜಾತಿಗಳು ಒಂದು ಗಿಡಕ್ಕೋ ಅದರ ಬಳಗಕ್ಕೋ ಅಂಟಿಕೊಂಡು ಬಾಳುವಂಥವು. ಆದರೆ ‘ಲಿರಿಯೊಮೈಜಾ ಟ್ರೈಫೋಲಿ’ ಎಂಬ ಈ ಜಾತಿಗೆ ಅಂಥ ನೇಮವಿಲ್ಲ. ಅಮೆರಿಕಾ ಮೂಲದ ಈ ನೊಣವನ್ನು ವಿಜ್ಞಾನಿಗಳು 1880ರಲ್ಲಿ ವರ್ಣಿಸಿದರು. 1970ರ ದಶಕದಲ್ಲಿ ಫ್ಲಾರಿಡಾದಿಂದ ರಫ್ತಾದ ಸೇವಂತಿಗೆಯ ಕಡ್ಡಿಗಳೊಡನೆ ಇದು ದೇಶದೇಶಗಳಿಗೆ ಪಯಣಿಸಿತು. ಭಾರತದಲ್ಲಿ 1991ರ ಸುಮಾರಿಗೆ ಹೈದರಾಬಾದಿನ ಹರಳುಗಿಡಗಳಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಕರ್ನಾಟಕವನ್ನೂ ವ್ಯಾಪಿಸಿತು.

ಟೊಮೇಟೊ, ಬದನೆ, ಆಲೂಗೆಡ್ಡೆ, ಹುರುಳಿಕಾಯಿ, ಅಲಸಂದೆ, ಸೌತೆ, ಕುಂಬಳ, ಹೀರೆ, ಹತ್ತಿ, ಚೆಂಡುಹೂ, ಸೇವಂತಿಗೆ— ಹೀಗೆ 25ಕ್ಕೂ ಹೆಚ್ಚು ಸಸ್ಯ ಕುಟುಂಬಗಳಲ್ಲಿ ಇದಕ್ಕೆ ಆಶ್ರಯವುಂಟು. ಆದುದರಿಂದ ಹಿತ್ತಿಲನ್ನಷ್ಟೇ ಶುಚಿಮಾಡಿ ನಿಶ್ಚಿಂತರಾಗುವಂತಿಲ್ಲ. ಪಕ್ಕದ ಖಾಲಿ ನಿವೇಶನದಲ್ಲಿ ತಾನಾಗಿ ಬೆಳೆದ ಹರಳುಗಿಡವೇ ಅದರ ತವರುಮನೆಯಾಗಿರಬಹುದು. ಅದೇ ಅಂಗಳದ ನಿಂಬೆಯ ಚಿಗುರಿನಲ್ಲಿ ಕಾಣುವ ಬೆಳ್ಳಿಬಣ್ಣದ ಗೆರೆ ಮಾತ್ರ ಈ ನೊಣದ್ದಲ್ಲ. ಅದು ಒಂದು ಪುಟ್ಟ ಪತಂಗದ ಮರಿಯ ಕೆಲಸ.

ವಿಷದಿಂದ ವಿಪರೀತ

ಶೀಸೆಯ ವಿಷವನ್ನು ಎರಚಿದರೇನು? ಇಲ್ಲಿಯೇ ಎಚ್ಚರ ಬೇಕು. ಎಲೆಯೊಳಗೆ ಅಡಗಿದ ಮರಿಗೆ ಮೇಲೆ ಬಿದ್ದ ಹಲವು ಬಗೆಯ ವಿಷಗಳು ತಾಕುವುದೇ ಇಲ್ಲ. ತಾಕುವುದು ಅದರ ಶತ್ರುಗಳಿಗೆ. ನೊಣಕ್ಕಿಂತ ಸಣ್ಣದಾದ ಕೆಲವು ಕಣಜಗಳು ಸುರಂಗದಲ್ಲಿರುವ ಮರಿಯನ್ನು ಹೊರಗಿನಿಂದಲೇ ಪತ್ತೆಮಾಡಿ, ಎಲೆಯ ಮೂಲಕ ಚುಚ್ಚಿ, ಅಲ್ಲಿ ತಮ್ಮ ಮೊಟ್ಟೆಯನ್ನಿಡುತ್ತವೆ. ಕಣಜದ ಮರಿಗೆ ನೊಣದ ಮರಿಯೇ ಆಹಾರ. ವಿಷ ಬಿದ್ದೊಡನೆ ಈ ರಕ್ಷಕರು ಸಾಯುತ್ತಾರೆ; ರಂಗೋಲಿ ಹುಳು ಹಿಂದಿಗಿಂತಲೂ ಹೆಚ್ಚುತ್ತದೆ. ವಿಷವನ್ನು ತಡೆದುಕೊಳ್ಳುವ ಶಕ್ತಿಯನ್ನೂ ಅದು ಬೇಗನೆ ಗಳಿಸುತ್ತದೆ. ಅಮೆರಿಕಾದ ಬೆಳೆಗಾರರು ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತರು.

ಮನೆಯವರು ಮಾಡಬಹುದಾದುದು

ಈ ಹುಳು ಕಾಯಿಯೊಳಕ್ಕೆ ಹೋಗುವುದಿಲ್ಲ. ಬಲಿತ ಗಿಡ ಹತ್ತಾರು ಗೆರೆಗಳನ್ನು ಸಹಿಸಬಲ್ಲದು. ನಾಲ್ಕೇ ಎಲೆಯ ಸಸಿಗೆ ಮಾತ್ರ ಅಪಾಯ ನಿಜ. ಗೆರೆ ಬಿದ್ದ ಎಲೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ದಪ್ಪ ತುದಿಯಲ್ಲಿ ಹಳದಿಯ ಮರಿಯಿದ್ದರೆ ಎಲೆಯನ್ನು ಚಿವುಟಿ, ಮಣ್ಣಿಗೆ ಬೀಳಗೊಡದೆ, ಚೀಲದಲ್ಲಿ ಕಟ್ಟಿ ಬಿಸಿಲಿಗಿಡಬೇಕು. ಸುರಂಗ ಬರಿದಾಗಿದ್ದರೆ ಆ ಎಲೆಯನ್ನು ಕೀಳುವುದರಿಂದ ಲಾಭವಿಲ್ಲ. ಉಳಿದ ಹಸುರಿನಿಂದ ಅದು ಗಿಡಕ್ಕೆ ಅನ್ನವನ್ನು ಒದಗಿಸುತ್ತಲೇ ಇರುತ್ತದೆ. ಹಳದಿ ಬಣ್ಣ ಬಳಿದ ತಗಡಿಗೆ ಹರಳೆಣ್ಣೆ ಸವರಿ ಗಿಡಗಳ ನಡುವೆ ನಿಲ್ಲಿಸಿದರೆ ನೊಣಗಳು ಬಂದು ಅಂಟಿಕೊಳ್ಳುತ್ತವೆ. ಕಾಟ ಮೀರಿದಲ್ಲಿ, 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಚೂರು ಸಾಬೂನು ಕದಡಿ ಸಂಜೆಯ ವೇಳೆ ಸಿಂಪಡಿಸಬಹುದು. ನರ್ಸರಿಯಿಂದ ಸೇವಂತಿಗೆಯ ಸಸಿ ತರುವಾಗ ಎಲೆಗಳನ್ನು ತಿರುವಿ ನೋಡುವುದು ಇವೆಲ್ಲಕ್ಕಿಂತ ಸುಲಭ.

ಎಲೆಯ ಅಂದ ಕೆಟ್ಟಿತೆಂಬ ಬೇಸರಕ್ಕೆ, ಮಕ್ಕಳ ತಟ್ಟೆಗೆ ಬರುವ ಕಾಯಿಗೆ ವಿಷ ಸೋಕಿಸುವುದು ಜಾಣತನವೆನಿಸದು. ಕಣಜಗಳಿಗೆ ಒಂದೆರಡು ವಾರಗಳ ಕಾಲಾವಕಾಶ ಕೊಟ್ಟರೆ, ಅನೇಕ ಹಿತ್ತಿಲುಗಳಲ್ಲಿ ಹೊಸ ಚಿಗುರು ಗೆರೆಯಿಲ್ಲದೆಯೇ ಅರಳುತ್ತದೆ.