ರೋವರ್‌ಗೆ ಗೊತ್ತಿಲ್ಲದ ಬದು

ಹೊಲ ಅಳೆಯಲು ಬರುವ ಸರ್ವೆಯವರ ಜೊತೆ ಈಗ ಎಷ್ಟೋ ಕಡೆ ಸರಪಳಿಯ ಬದಲು ಎರಡು ಮೀಟರ್ ಎತ್ತರದ ಒಂದು ಕೋಲು ಬರುತ್ತದೆ. ತುದಿಯಲ್ಲಿ ಅಣಬೆಯ ತಲೆಯಂಥ ಬಿಳಿ ಡಬ್ಬಿ, ನಡುವೆ ಸಿಕ್ಕಿಸಿದ ಸಣ್ಣ ಪರದೆ, ಪಕ್ಕದಲ್ಲಿ ಗಾಜಿನ ಪುಟ್ಟ ಬಟ್ಟಲಿನೊಳಗೆ ಒಂದು ಗಾಳಿಗುಳ್ಳೆ. ಗುಳ್ಳೆ ನಡುವಣ ವೃತ್ತದಲ್ಲಿ ನಿಲ್ಲುವವರೆಗೂ ಸರ್ವೆಯರ್ ಕೋಲನ್ನು ಅತ್ತಿತ್ತ ಸರಿಪಡಿಸುತ್ತಲೇ ಇರುತ್ತಾರೆ. ಅದು ಸುಮ್ಮನೆ ಅಭ್ಯಾಸಬಲವಲ್ಲ. ಕೋಲು ಒಂದೇ ಒಂದು ಡಿಗ್ರಿ ವಾಲಿದರೂ ಮೇಲಿನ ಡಬ್ಬಿ ಮೂರೂವರೆ ಸೆಂಟಿಮೀಟರ್ ಆಚೆ ಹೋಗುತ್ತದೆ. ಈ ಯಂತ್ರದ ಹೆಸರು ರೋವರ್.

ಸುತ್ತ ನಿಂತವರು ಕಾಯುವುದು ಒಂದೇ ಮಾತಿಗೆ: ‘ನಮ್ಮ ಗಡಿ ಎಲ್ಲಿ ಬರುತ್ತೆ?’ ರೋವರ್‌ಗೆ ಅದು ಗೊತ್ತಿಲ್ಲ. ತಾನು ಎಲ್ಲಿ ನಿಂತಿದ್ದೇನೆ ಎಂಬುದಷ್ಟೇ ಅದಕ್ಕೆ ಗೊತ್ತು, ಅದೂ ಬೆರಗಾಗುವಷ್ಟು ನಿಖರವಾಗಿ. ಈ ಎರಡು ಸಂಗತಿಗಳ ನಡುವಿನ ಅಂತರ ತಿಳಿಯದೆ ಎಷ್ಟೋ ಜನ ದುಡ್ಡು ಕಳೆದುಕೊಳ್ಳುತ್ತಾರೆ, ಅಕ್ಕಪಕ್ಕದವರ ಜೊತೆ ಮಾತು ಬಿಡುತ್ತಾರೆ.

ಮೊದಲು ಆ ನಿಖರತೆಯ ವಿಚಾರ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ ಸದಾ ಸಮಯ ಸಾರುತ್ತಿರುತ್ತವೆ. ಸಂಕೇತ ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ಇರುವ ವ್ಯತ್ಯಾಸದಿಂದ ದೂರದ ಲೆಕ್ಕ ಸಿಗುತ್ತದೆ. ನಮ್ಮ ಮೊಬೈಲ್ ಮಾಡುವುದೂ ಇದನ್ನೇ. ಆದರೆ ವಾತಾವರಣದ ಮೇಲ್ಪದರಗಳು ಸಂಕೇತವನ್ನು ತಡಮಾಡಿಸುತ್ತವೆ, ಉಪಗ್ರಹದ ಗಡಿಯಾರದಲ್ಲೂ ಕಕ್ಷೆಯ ಲೆಕ್ಕದಲ್ಲೂ ಚೂರು ದೋಷ ಉಳಿದಿರುತ್ತದೆ. ಹಾಗಾಗಿ ತೆರೆದ ಬಯಲಿನಲ್ಲೂ ಮೊಬೈಲ್ ತೋರಿಸುವ ಜಾಗ ಐದು ಮೀಟರಿನಷ್ಟು ಆಚೀಚೆ ಆಗುವುದು ಸಾಮಾನ್ಯ. ದಾರಿ ಹುಡುಕಲು ಅದು ಧಾರಾಳ ಸಾಕು. ಆದರೆ 33 ಅಡಿಯ ನಾಲ್ಕು ಚೈನು ಉದ್ದದ ಬದು ಐದು ಮೀಟರ್ ಸರಿದರೆ ಹೆಚ್ಚುಕಡಿಮೆ ಎರಡು ಗುಂಟೆ ಜಮೀನು ಒಬ್ಬರಿಂದ ಇನ್ನೊಬ್ಬರಿಗೆ ಹೋದಂತೆ.

ರೋವರ್ ಎರಡು ಕೆಲಸಗಳನ್ನು ಹೆಚ್ಚಿಗೆ ಮಾಡುತ್ತದೆ. ಭಾರತೀಯ ಸರ್ವೇಕ್ಷಣಾ ಇಲಾಖೆ ರಾಜ್ಯದ ಹಲವೆಡೆ ಹಗಲಿರುಳು ಕೆಲಸ ಮಾಡುವ ಸ್ಥಿರ ಕೇಂದ್ರಗಳನ್ನು ನಿಲ್ಲಿಸಿದೆ. ಸರ್ವೆಯವರ ಬಾಯಲ್ಲಿ ಇವು ‘ಕಾರ್ಸ್’. ಪ್ರತಿ ಕೇಂದ್ರಕ್ಕೂ ತನ್ನ ನಿಜವಾದ ಜಾಗ ಮೊದಲೇ ಗೊತ್ತು. ಉಪಗ್ರಹಗಳ ಲೆಕ್ಕ ಎಷ್ಟು ತಪ್ಪುತ್ತಿದೆ ಎಂಬುದನ್ನು ಅದು ಕ್ಷಣಕ್ಷಣವೂ ಕಂಡುಕೊಳ್ಳುತ್ತದೆ. ಆ ತಿದ್ದುಪಡಿ ಮೊಬೈಲ್ ಇಂಟರ್ನೆಟ್ ಮೂಲಕ ಹೊಲದಲ್ಲಿರುವ ರೋವರ್‌ಗೆ ಬರುತ್ತದೆ. ಎರಡನೆಯ ಕೆಲಸ ಇನ್ನೂ ಸೊಗಸಾದದ್ದು. ಸಂಕೇತವನ್ನು ಹೊತ್ತು ತರುವ ರೇಡಿಯೋ ಅಲೆಯನ್ನೇ ರೋವರ್ ಅಳತೆಗೋಲು ಮಾಡಿಕೊಳ್ಳುತ್ತದೆ. ಆ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಉಪಗ್ರಹಕ್ಕೂ ಕೋಲಿಗೂ ನಡುವೆ ಇಂಥ ಎಷ್ಟು ಪೂರ್ಣ ಅಲೆಗಳಿವೆ ಎಂಬ ಒಗಟು ಬಿಡಿಸುವವರೆಗೆ ಪರದೆಯ ಮೇಲೆ ‘ಫ್ಲೋಟ್’ ಎಂದಿರುತ್ತದೆ, ಬಿಡಿಸಿದೊಡನೆ ‘ಫಿಕ್ಸ್’. ಆಮೇಲೆ ತಪ್ಪು ಎರಡು-ಮೂರು ಸೆಂಟಿಮೀಟರಿಗೆ ಇಳಿಯುತ್ತದೆ. ನಿಮ್ಮ ಹೊಲದಲ್ಲಿ ಅಳತೆ ನಡೆಯುವಾಗ ಪರದೆಯ ಕಡೆ ಒಮ್ಮೆ ನೋಡಿ: ಫ್ಲೋಟ್ ಇರುವಾಗ ಗುರುತು ಹಾಕಿದರೆ ಅದನ್ನು ನಂಬುವ ಹಾಗಿಲ್ಲ. ದಟ್ಟ ಅಡಿಕೆ ತೋಟದೊಳಗೆ ಆಕಾಶವೇ ಕಾಣದು, ಎಲೆಕಾಂಡಗಳಿಗೆ ಬಡಿದು ಬರುವ ಸಂಕೇತಗಳು ಲೆಕ್ಕ ಕೆಡಿಸುತ್ತವೆ. ಅಲ್ಲಿ ಬೆಳಕಿನ ಕಿರಣ ಹಾಯಿಸಿ ಅಳೆಯುವ ಟೋಟಲ್ ಸ್ಟೇಷನ್ ಬೇಕು, ಇಲ್ಲವೇ ಹಳೆಯ ಸರಪಳಿಯೇ ಗತಿ.

ಇನ್ನು ಗಡಿಯ ವಿಚಾರ. ಗಡಿ ಇರುವುದು ಆಕಾಶದಲ್ಲಲ್ಲ, ಭೂಮಾಪನ ಇಲಾಖೆಯ ಕಟ್ಟುಗಳಲ್ಲಿ. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದ ಸೀಮೆಯಲ್ಲೂ, ಆಮೇಲೆ ಅದೇ ಪದ್ಧತಿಯನ್ನು ತಂದುಕೊಂಡ ಮೈಸೂರು ಸೀಮೆಯಲ್ಲೂ ಹೊಲಗಳನ್ನು ಅಳೆದದ್ದು 33 ಅಡಿಯ ಸರಪಳಿಯಿಂದ. ಇದರಲ್ಲೊಂದು ಜಾಣ್ಮೆ ಇದೆ. ಒಂದು ಚೈನು ಉದ್ದ, ಒಂದು ಚೈನು ಅಗಲದ ಚೌಕ ಎಂದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಅಂಥ ನಲವತ್ತು ಸೇರಿದರೆ ಒಂದು ಎಕರೆ. ಅಂಗಳದಲ್ಲಿ ಕೂತು ಬಾಯಿಲೆಕ್ಕದಲ್ಲೇ ವಿಸ್ತೀರ್ಣ ಹೇಳಬಹುದಿತ್ತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡಕ್ಕೆ ಬಂದದ್ದು ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರಲ್ಲಿ ರೂಪಿಸಿದ 66 ಅಡಿಯ, ನೂರು ಕೊಂಡಿಗಳ ಸರಪಳಿ. ಕರಾವಳಿಯವರು ಇವತ್ತಿಗೂ ಗುಂಟೆ ಬಿಟ್ಟು ಸೆಂಟ್ಸಿನಲ್ಲಿ ಮಾತಾಡುವುದು ಆ ಪದ್ಧತಿಯ ಉಳಿಕೆ.

33 ಅಡಿಯ ಚೈನಿಗೆ ಹದಿನಾರು ಆಣೆ. ಒಂದು ಆಣೆ ಎಂದರೆ ಸುಮಾರು 63 ಸೆಂಟಿಮೀಟರ್. ಹೊಲದ ನಡುವೆ ಒಂದು ನೇರ ಗೆರೆ ಹಿಡಿದು, ಅದರಿಂದ ಎಡಕ್ಕೂ ಬಲಕ್ಕೂ ಪ್ರತಿ ಮೂಲೆ ಎಷ್ಟು ಚೈನು ಎಷ್ಟು ಆಣೆ ದೂರ ಎಂದು ಬರೆದಿಟ್ಟ ಕೈನಕ್ಷೆಯೇ ಟಿಪ್ಪಣಿ. ಮೂಲ ಅಳತೆಯೇ ಆಣೆಯ ಲೆಕ್ಕದಲ್ಲಿರುವಾಗ, ಎರಡು ಸೆಂಟಿಮೀಟರಿನ ಯಂತ್ರ ತಂದ ಮಾತ್ರಕ್ಕೆ ಆ ಗೆರೆ ಎರಡು ಸೆಂಟಿಮೀಟರಿಗೆ ಚೂಪಾಗುವುದಿಲ್ಲ. ಉಂಗುರಗಳು ಸವೆದು ಉದ್ದವಾದ ಸರಪಳಿಯಿಂದ ಅಳೆದಿದ್ದರೆ ಕಾಗದದಲ್ಲಿ ಹೊಲ ನಿಜಕ್ಕಿಂತ ಚಿಕ್ಕದಾಗಿ ಬಂದಿರುತ್ತದೆ.

ಒಳ್ಳೆಯ ಸರ್ವೆಯರ್ ಬಂದ ತಕ್ಷಣ ನಿಮ್ಮ ಬದುವಿನ ಮೇಲೆ ಕೋಲು ಊರುವುದಿಲ್ಲ. ಮೊದಲು ಹಳೆಯ ಬಾಂದು ಕಲ್ಲುಗಳನ್ನು ಹುಡುಕುತ್ತಾರೆ, ಅದರಲ್ಲೂ ಎರಡು ಮೂರು ಊರಿನ ಗಡಿಗಳು ಕೂಡುವಲ್ಲಿ ನೆಟ್ಟ, ಯಾರೂ ತಕರಾರು ತೆಗೆಯದ ಕಲ್ಲುಗಳನ್ನು. ಅವುಗಳ ನಡುವಿನ ದೂರ ಅಳೆದು ಟಿಪ್ಪಣಿಯ ಜೊತೆ ಹೋಲಿಸುತ್ತಾರೆ. ಹೊಂದಿದರೆ ಅಲ್ಲಿಂದ ನಿಮ್ಮ ಮೂಲೆಗೆ ಬರುತ್ತಾರೆ. ಹೊಂದದಿದ್ದರೆ ಇನ್ನೊಂದು ಕಲ್ಲು ಹುಡುಕಿ ಮತ್ತೆ ಅಳೆಯುತ್ತಾರೆ. ನೀವು ಹಣ ಕೊಡುತ್ತಿರುವುದು ಈ ತೀರ್ಮಾನದ ಕೌಶಲಕ್ಕೆ. ನೇರವಾಗಿ ನಿಮ್ಮ ಬೇಲಿಗೇ ಬಂದು, ಅರ್ಧ ಗಂಟೆಯಲ್ಲಿ ಸುಣ್ಣದ ಗೆರೆ ಎಳೆದು ಹೊರಟವರ ಕೈಯಲ್ಲಿ ಎಂಥ ಯಂತ್ರವಿದ್ದರೂ ನಾನಂತೂ ಒಪ್ಪಲಾರೆ.

‘ದಿಶಾಂಕ್ ಆ್ಯಪ್‌ನಲ್ಲಿ ಗೆರೆ ಕಾಣುತ್ತದಲ್ಲ, ಸರ್ವೆಯರ್ ಯಾಕೆ?’ ಎಂದು ಕೇಳುವವರಿದ್ದಾರೆ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಅದು ತುಂಬ ಉಪಯೋಗದ ಆ್ಯಪ್. ಆದರೆ ಅದಕ್ಕೆ ಆಧಾರವಾದ ಗ್ರಾಮ ನಕಾಶೆಗಳು ಹೆಚ್ಚಾಗಿ ಮೈಲಿಗೆ ಎಂಟು ಅಂಗುಲದ ಅಳತೆಯವು. ಅಂಥ ಕಾಗದದ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ ನಾಲ್ಕು ಮೀಟರ್! ಅದಕ್ಕೆ ಮೊಬೈಲಿನ ಐದು ಮೀಟರ್ ಕೂಡಿಸಿಕೊಳ್ಳಿ. ಕ್ರಯಪತ್ರದ ಚಕ್ಕುಬಂದಿ ನೆಚ್ಚಿಕೊಂಡರೂ ಅಷ್ಟೇ: ಪೂರ್ವಕ್ಕೆ ಯಾರ ಜಮೀನಿದೆ ಎಂದು ಅದು ಹೇಳುತ್ತದೆ, ಆ ಜಮೀನು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದಿಲ್ಲ.

ಹಾಗಾದರೆ ಸರ್ವೆಯರನ್ನು ಯಾವಾಗ ಕರೆಸಬೇಕು? ಕಲ್ಲುಗಳು ಸ್ವಸ್ಥಾನದಲ್ಲಿದ್ದು, ಅಕ್ಕಪಕ್ಕದವರೂ ಒಪ್ಪಿದ್ದರೆ, ಎಂದಿನಂತೆ ರಾಗಿ ಬಿತ್ತಲು ಯಾರೂ ಬೇಕಿಲ್ಲ. ಕಾಂಪೌಂಡ್ ಕಟ್ಟುವ ಮುನ್ನ, ಗಡಿಗೆ ಒತ್ತಿ ಕೊಳವೆಬಾವಿ ತೋಡಿಸುವ ಮುನ್ನ, ಜಮೀನು ಕೊಳ್ಳುವ ಮುನ್ನ ಕರೆಸಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ ಹೇಗೂ ಆಗಲೇಬೇಕು. ಒತ್ತುವರಿಯ ಮಾತು ಬಂದಿದ್ದರೆ ಖಾಸಗಿಯಾಗಿ ಅಳೆಸಿದ್ದು ನಿಮ್ಮ ತಿಳಿವಳಿಕೆಗಷ್ಟೇ ಆದೀತು. ಇಲಾಖೆಗೆ ಅರ್ಜಿ ಹಾಕಿ ಹದ್ದುಬಸ್ತು ಮಾಡಿಸಿ. ಅಲ್ಲಿ ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಅವರ ಎದುರೇ ಅಳತೆ ನಡೆಯುತ್ತದೆ. ನೋಟಿಸ್ ತಲುಪುವ ಮೊದಲೇ ನೀವಾಗಿ ಹೋಗಿ ಅವರಿಗೆ ವಿಷಯ ತಿಳಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಎಲ್ಲಕ್ಕಿಂತ ಕಷ್ಟದ್ದು ಪೋಡಿಯಾಗದ ಜಮೀನು. ಪಹಣಿಯಲ್ಲಿ ನಾಲ್ಕಾರು ಹೆಸರುಗಳು, ಪ್ರತಿ ಹೆಸರಿನ ಮುಂದೆ ಇಷ್ಟು ಎಕರೆ ಇಷ್ಟು ಗುಂಟೆ ಎಂದಿರುತ್ತದೆ. ಆದರೆ ಆ ಪಾಲುಗಳನ್ನು ಅಳೆದು ಯಾರೂ ಎಂದೂ ನಕ್ಷೆ ಮಾಡಿರುವುದಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ಬದು ಅದು. ಅಂಥಲ್ಲಿ ‘ನನ್ನ ಗಡಿ ತೋರಿಸಿ’ ಎಂದರೆ ತೋರಿಸಲು ದಾಖಲೆಯಲ್ಲಿ ಗಡಿಯೇ ಇಲ್ಲ. ಮೊದಲು ಪೋಡಿಯಾಗಿ ಹಿಸ್ಸಾ ನಂಬರ್ ಬೀಳಬೇಕು, ಗಡಿ ಹುಡುಕುವ ಮಾತು ಆಮೇಲೆ.

ರೋವರ್‌ನ ದೊಡ್ಡ ಉಪಕಾರ ಮುಂದಿನ ದಿನಗಳಿಗೆ. ಇಂದು ನೆಟ್ಟ ಕಲ್ಲಿನ ಅಕ್ಷಾಂಶ ರೇಖಾಂಶಗಳನ್ನು ದಾಖಲೆಗೆ ಸೇರಿಸಿದರೆ, ನಾಳೆ ಜೆಸಿಬಿ ಅದನ್ನು ಕಿತ್ತೆಸೆದರೂ ಅದೇ ಜಾಗದಲ್ಲಿ ಮತ್ತೆ ನೆಡಬಹುದು. ಅದಕ್ಕೂ ಒಂದು ಷರತ್ತಿದೆ. ಭಾರತದ ಭೂಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಇಡೀ ಭೂಗೋಳದ ಲೆಕ್ಕದಲ್ಲಿ ನೋಡಿದರೆ ಹತ್ತು ವರ್ಷದಲ್ಲಿ ನಿಮ್ಮ ಕಲ್ಲು ಅರ್ಧ ಮೀಟರ್ ಪ್ರಯಾಣ ಮಾಡಿರುತ್ತದೆ, ಪಕ್ಕದವರ ಕಲ್ಲೂ ಕಾರ್ಸ್ ಕೇಂದ್ರವೂ ಅದರ ಜೊತೆಗೇ. ಆದ್ದರಿಂದ ನಕ್ಷೆಯಲ್ಲಿ ಆ ಅಂಕಿಗಳು ಯಾವ ಕೇಂದ್ರದ ಆಧಾರದಲ್ಲಿ, ಯಾವ ವರ್ಷದ ಲೆಕ್ಕದಲ್ಲಿ ಬಂದವು ಎಂಬುದನ್ನೂ ಬರೆಸಿಕೊಳ್ಳಿ.